‘ಹಮ್ಮು’: ಶಬ್ದದ ಹುಟ್ಟು ಮತ್ತು ಅರ್ಥವಿಚಾರ

ಮನುಷ್ಯರ ಗುಣದೋಷಗಳನ್ನು ಸೂಚಿಸುವ ಶಬ್ದಗಳನ್ನು ನಾವು ಬಹು ಸಲೀಸಾಗಿ ಬಳಸುತ್ತೇವೆ. ‘ಅವನಿಗೆ ಹಮ್ಮು ಬಹಳ’ ಎಂದು ಒಬ್ಬರ ಮೇಲೆ ತೀರ್ಪು ಕೊಡಲು ಅರೆಗಳಿಗೆ ಸಾಕು. ಆದರೆ ಹಮ್ಮೆಂದರೆ ಏನು, ಆ ಶಬ್ದ ಎಲ್ಲಿಂದ ಬಂದಿತು, ಯಾವ ನಡತೆಯನ್ನು ಹಮ್ಮೆಂದು ಕರೆಯಬೇಕು, ಯಾವುದನ್ನು ಹಾಗೆ ಕರೆಯಬಾರದು ಎಂಬ ವಿಚಾರವನ್ನು ನಾವು ಮಾಡುವುದು ವಿರಳ. ಮಕ್ಕಳ ನಡೆನುಡಿಯನ್ನು ತಿದ್ದುವ ಹೊಣೆ ಹೊತ್ತ ಶಿಕ್ಷಕರಿಗೂ, ಕಲಿತು ಹೊರಗೆ ಹೋಗಿ ಸ್ಥಾನಮಾನ ಪಡೆದ ಹಳೆಯ ವಿದ್ಯಾರ್ಥಿಗಳಿಗೂ, ವಿದ್ಯಾಸಂಸ್ಥೆಗಳಿಗೆ ನೆರವಾದ ದಾನಿಗಳಿಗೂ ಈ ವಿಚಾರ ಸಂಬಂಧಪಟ್ಟದ್ದು. ಆದಕಾರಣ ಪ್ರಸ್ತುತ ಲೇಖನದಲ್ಲಿ ಈ ಪುಟ್ಟ ಶಬ್ದದ ಮೂಲವನ್ನು ಹುಡುಕಿ, ಅದರಿಂದ ನಮಗೆ ದೊರೆಯುವ ತಿಳಿವಳಿಕೆಯನ್ನು ವಾಚಕರ ಮುಂದಿಡಲು ಯತ್ನಿಸಲಾಗಿದೆ.

ನಮ್ಮ ಸೀಮೆಯ ಮಾತುಗಳು

ಲಕ್ಕಲಕಟ್ಟಿ, ಗಜೇಂದ್ರಗಡ, ರೋಣ, ನರೇಗಲ್ಲುಗಳ ಈ ಸೀಮೆಯಲ್ಲಿ ದೊಡ್ಡಸ್ತಿಕೆಯನ್ನು ಹೇಳುವ ಶಬ್ದಗಳಿಗೆ ಬರಗಾಲವಿಲ್ಲ. ಸೊಕ್ಕು, ಬಿಂಕ, ಬಿಗುಮಾನ, ಹಮ್ಮು, ಬಿಮ್ಮು, ಗರ್ವ, ದರ್ಪ, ಮದ, ಬಡಿವಾರ, ದಿಮಾಕು, ದೌಲತ್ತು, ಮಸ್ತಿ ಇತ್ಯಾದಿ. ಈ ಶಬ್ದಗಳ ಸಾಲನ್ನು ಗಮನಿಸಿದರೆ ನಾಡಿನ ಇತಿಹಾಸವೇ ಅದರಲ್ಲಿ ಅಡಗಿದಂತೆ ತೋರುತ್ತದೆ. ಗರ್ವ, ದರ್ಪ, ಮದಗಳು ಸಂಸ್ಕೃತದಿಂದ ಬಂದವು. ಬಡಿವಾರವೆಂಬ ಶಬ್ದ ಮರಾಠಿಯಲ್ಲಿಯೂ ಇದೆ. ‘ದಿಮಾಕು’ ಎಂಬುದು ಮಿದುಳು ಎಂಬ ಅರ್ಥದ ಅರಬ್ಬಿ ಶಬ್ದ. ‘ದೌಲತ್ತು’ ರಾಜ್ಯ, ಸಂಪತ್ತು ಎಂಬ ಅರ್ಥದ ಅರಬ್ಬಿ ಶಬ್ದ. ‘ಮಸ್ತಿ’ ಅಮಲು ಎಂಬ ಅರ್ಥದ ಫಾರಸಿ ಶಬ್ದ. ಚಾಲುಕ್ಯರ ನಾಡಾಗಿ, ಮುಂದೆ ಸುಲ್ತಾನರ ಆಳಿಕೆ ಕಂಡು, ಮರಾಠರ ಘೋರ್ಪಡೆ ಮನೆತನದ ಗಜೇಂದ್ರಗಡವನ್ನು ನೋಡಿ, 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಈ ಭಾಗದಲ್ಲಿ ಬಂದುಹೋದ ಪ್ರತಿಯೊಂದು ಆಳಿಕೆಯೂ ತನ್ನ ದೊಡ್ಡಸ್ತಿಕೆಯ ಒಂದು ಶಬ್ದವನ್ನು ಜನರ ಬಾಯಲ್ಲಿ ಬಿಟ್ಟುಹೋಗಿದೆ. ಒಡೆತನ ಹೋಯಿತು, ಶಬ್ದ ಉಳಿಯಿತು.

ಈ ಶಬ್ದಗಳೆಲ್ಲ ಒಂದೇ ಅರ್ಥದವೆಂದು ಭಾವಿಸಲಾಗದು. ಪ್ರತಿಯೊಂದು ಶಬ್ದವೂ ದೊಡ್ಡಸ್ತಿಕೆಯ ಒಂದೊಂದು ಕಾರಣವನ್ನು ತೋರಿಸುತ್ತದೆ. ದೌಲತ್ತು ಸಿರಿಯಿಂದ ಬರುವುದು, ದಿಮಾಕು ತಲೆಗೆ ಏರುವುದು, ಬಿಗುಮಾನ ಮೈಮುಖಗಳನ್ನು ಬಿಗಿ ಮಾಡುವುದು. ‘ಹಮ್ಮುಬಿಮ್ಮು’ ಎಂದು ಜೋಡಿಯಾಗಿ ಬರುವ ಮಾತಿನಲ್ಲಿ ‘ಬಿಮ್ಮು’ ಎಂಬುದು ಇದೇ ಬಿಗಿತದ, ಸೆಟೆತದ ಭಾವವನ್ನು ಹೇಳುತ್ತದೆ.

ಇವುಗಳಲ್ಲಿ ‘ಸೊಕ್ಕು’ ಅಚ್ಚಗನ್ನಡದ ಶಬ್ದ. ಹಳಗನ್ನಡದಲ್ಲಿ ಇದರ ರೂಪ ‘ಸೊರ್ಕು’. ಪೆರ್ಚು ಎಂಬುದು ಹೆಚ್ಚು ಆದಂತೆ, ಸೊರ್ಕು ಎಂಬುದು ಸೊಕ್ಕು ಆಯಿತು. ಅಮಲೇರುವುದು, ಮೈಮರೆಯುವುದು ಎಂಬುದು ಇದರ ಮೊದಲ ಅರ್ಥ. ತಮಿಳಿನಲ್ಲಿಯೂ ಇದರ ಸೋದರ ಶಬ್ದ ಮೋಹಗೊಂಡು ಮೈಮರೆಯುವುದೆಂಬ ಅರ್ಥದಲ್ಲಿದೆ. ಮದವೇರಿದ ಆನೆಯನ್ನು ಸೊಕ್ಕಾನೆಯೆಂದರು. ಸಂಸ್ಕೃತದ ‘ಮದ’ವೂ ಹೀಗೆಯೇ, ಆನೆಯ ಕಪೋಲದಿಂದ ಸುರಿಯುವ ನೀರಿಗೂ ಮದವೆಂದೇ ಹೆಸರು. ಆನೆಯ ಹೆಸರನ್ನೇ ಹೊತ್ತ ಗಜೇಂದ್ರಗಡದ ಗುಡ್ಡದ ನೆರಳಿನಲ್ಲಿ ಬಾಳುವ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಒಕ್ಕಲಿಗರು ಬೆಳೆಗೂ ಈ ಶಬ್ದವನ್ನು ಬಳಸುತ್ತಾರೆ. ಗೊಬ್ಬರ ಹೆಚ್ಚಾಗಿ ಎಲೆದಂಟುಗಳೇ ಹುಲುಸಾಗಿ ಬೆಳೆದಾಗ ಬೆಳೆ ಸೊಕ್ಕಿತು ಎನ್ನುತ್ತಾರೆ. ಅಂಥ ಬೆಳೆ ನೋಡಲು ಚೆಂದ, ರಾಶಿಗೆ ಕಡಿಮೆ. ಕಾಳು ತುಂಬಿದ ನವಣೆಯ ತೆನೆಯಾದರೋ ತಾನಾಗಿ ಬಾಗುತ್ತದೆ.

‘ಅಹಂ’ ಎಂಬುದು ‘ಹಮ್ಮು’ ಆದ ಬಗೆ

ಸೊಕ್ಕಿಗೆ ಆನೆಯೂ ಬೆಳೆಯೂ ಹೋಲಿಕೆಯಾದವು. ಹಮ್ಮಿಗೆ ಅಂಥ ಯಾವ ಹೋಲಿಕೆಯೂ ಇಲ್ಲ. ಅದು ಮನುಷ್ಯನಿಗೆ ಮಾತ್ರ ಬರತಕ್ಕದ್ದು. ಏಕೆಂದರೆ ‘ನಾನು’ ಎನ್ನಬಲ್ಲವನು ಅವನೊಬ್ಬನೇ.

‘ಹಮ್ಮು’ ಎಂಬುದು ಸಂಸ್ಕೃತದ ‘ಅಹಮ್’ ಎಂಬುದರ ತದ್ಭವ. ‘ಅಹಮ್’ ಎಂದರೆ ‘ನಾನು’. ಇದು ಕನ್ನಡಕ್ಕೆ ಇಳಿದುಬಂದ ಬಗೆ ಸರಳವಾದುದು. ವ್ಯಂಜನದಲ್ಲಿ ಮುಗಿಯುವ ಸಂಸ್ಕೃತ ಶಬ್ದಗಳಿಗೆ ಕನ್ನಡವು ಕೊನೆಯ ವ್ಯಂಜನವನ್ನು ಇಮ್ಮಡಿಸಿ ಉಕಾರವನ್ನು ಸೇರಿಸುತ್ತದೆ. ಮನಸ್ ಎಂಬುದು ಮನಸ್ಸು ಆಯಿತು, ಸಂಪತ್ ಎಂಬುದು ಸಂಪತ್ತು ಆಯಿತು, ದಿಕ್ ಎಂಬುದು ದಿಕ್ಕು ಆಯಿತು. ಹಾಗೆಯೇ ಅಹಮ್ ಎಂಬುದು ಅಹಮ್ಮು ಆಯಿತು. ಮೊದಲಿನ ಅಕಾರ ಜಾರಿಹೋಗಿ ಹಮ್ಮು ಉಳಿಯಿತು. ಈ ಅಕಾರಲೋಪ ಕನ್ನಡಕ್ಕೆ ಮಾತ್ರ ಮೀಸಲಾದುದಲ್ಲ. ಪ್ರಾಕೃತದಲ್ಲಿ ‘ಅಹಂ’ ಎಂಬುದರ ಜೊತೆಗೆ ‘ಹಂ’ ಎಂಬ ರೂಪವೂ ಉಂಟೆಂದು 12ನೆಯ ಶತಮಾನದ ವೈಯಾಕರಣ ಹೇಮಚಂದ್ರನು ಹೇಳಿದ್ದಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕನ್ನಡಕ್ಕೆ ‘ನಾನು’ ಎಂಬ ಸ್ವಂತದ ಶಬ್ದವಿತ್ತು; ಹಳಗನ್ನಡದಲ್ಲಿ ‘ಆನ್’ ಇತ್ತು. ಹಾಗಿರುವಾಗ ಇನ್ನೊಂದು ಭಾಷೆಯಿಂದ ‘ನಾನು’ ಎಂಬ ಅರ್ಥದ ಶಬ್ದವನ್ನು ತಂದುಕೊಳ್ಳುವ ಅಗತ್ಯವೇನಿತ್ತು? ತಾನು ಇರುವುದನ್ನು ಹೇಳಲು ಕನ್ನಡಿಗನಿಗೆ ಮನೆಯ ಶಬ್ದವೇ ಸಾಕಾಗಿತ್ತು. ‘ನಾನು, ನಾನು’ ಎಂದು ಮೆರೆಯುವುದನ್ನು ಹೆಸರಿಸಲು ಮಾತ್ರ ಅವನು ಹೊರಗಿನ ಶಬ್ದವನ್ನು ತಂದುಕೊಂಡನು. ಹೀಗಾಗಿ ನಮ್ಮ ಭಾಷೆಯಲ್ಲಿ ‘ನಾನು’ ಬೇರೆ, ‘ಹಮ್ಮು’ ಬೇರೆ. ಒಂದು ಸರ್ವನಾಮ, ಇನ್ನೊಂದು ನಾಮಪದ. ಇದು ಕನ್ನಡ ನಮಗೆ ಮಾಡಿಕೊಟ್ಟ ದೊಡ್ಡ ವಿವೇಕ. ‘ನಾನು’ ಎನ್ನುವುದೆಲ್ಲ ಹಮ್ಮಲ್ಲ.

ಅಹಂಕಾರದ ಮೊದಲ ಅರ್ಥ

‘ಅಹಂಕಾರ’ ಎಂಬ ತತ್ಸಮ ಶಬ್ದದ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಇಂದು ಈ ಶಬ್ದ ಕಿವಿಗೆ ಬಿದ್ದೊಡನೆ ಅದು ದೋಷವೆಂದೇ ನಾವು ಗ್ರಹಿಸುತ್ತೇವೆ. ಮೊದಲು ಹಾಗಿರಲಿಲ್ಲ. ಓಂ ಎಂಬ ಉಚ್ಚಾರ ಓಂಕಾರವಾದಂತೆ, ‘ಅಹಂ’ ಎಂಬ ಉಚ್ಚಾರ ಅಹಂಕಾರ. ಡಚ್ ವಿದ್ವಾಂಸ ವಾನ್ ಬ್ಯೂಟೆನನ್ ಅವರು 1957ರ ತಮ್ಮ ಲೇಖನವೊಂದರಲ್ಲಿ ಈ ಅರ್ಥವನ್ನೇ ಎತ್ತಿ ತೋರಿಸಿದ್ದಾರೆ.

ಛಾಂದೋಗ್ಯ ಉಪನಿಷತ್ತಿನ 7ನೆಯ ಅಧ್ಯಾಯದಲ್ಲಿ ಈ ಶಬ್ದ ಬರುತ್ತದೆ. ಅಲ್ಲಿಯ ಸಂದರ್ಭ ಶಿಕ್ಷಕರಿಗೆ ಮನನೀಯವಾದುದು. ನಾರದರು ಸನತ್ಕುಮಾರರಲ್ಲಿಗೆ ಶಿಷ್ಯರಾಗಿ ಬರುತ್ತಾರೆ. ತಾವು ಅದುವರೆಗೆ ಕಲಿತ ವಿದ್ಯೆಗಳ ಉದ್ದವಾದ ಪಟ್ಟಿಯನ್ನೇ ಒಪ್ಪಿಸುತ್ತಾರೆ. ಇಷ್ಟೆಲ್ಲ ಕಲಿತರೂ ತಮ್ಮ ಶೋಕ ನೀಗಿಲ್ಲವೆಂದು ಹೇಳಿಕೊಳ್ಳುತ್ತಾರೆ. ಪಟ್ಟಿ ಒಪ್ಪಿಸಿದ್ದು ಹಮ್ಮಲ್ಲ. ಅದರ ಕೊರತೆಯನ್ನು ಕಂಡುಕೊಂಡದ್ದು ವಿನಯ. ಅದೇ ಉಪದೇಶದ ಕೊನೆಯ ಭಾಗದಲ್ಲಿ ಎಲ್ಲ ದಿಕ್ಕಿನಲ್ಲಿಯೂ ತುಂಬಿರುವ ‘ನಾನು’ ಎಂಬುದರ ವಿಚಾರವಾಗಿ ‘ಅಹಂಕಾರ’ ಶಬ್ದ ಬಂದಿದೆ. ಅಲ್ಲಿ ಅದು ಬೈಗುಳವಲ್ಲ, ಒಂದು ತತ್ತ್ವದ ಹೆಸರು.

ಸಾಂಖ್ಯದರ್ಶನದಲ್ಲಿಯೂ ಅಹಂಕಾರವು 25 ತತ್ತ್ವಗಳಲ್ಲಿ ಒಂದು. ಪ್ರಕೃತಿಯಿಂದ ಮಹತ್ತು, ಮಹತ್ತಿನಿಂದ ಅಹಂಕಾರ, ಅಹಂಕಾರದಿಂದ ಮನಸ್ಸು, ಇಂದ್ರಿಯಗಳು, ತನ್ಮಾತ್ರಗಳು ಎಂಬುದು ಅಲ್ಲಿಯ ಕ್ರಮ. ‘ಇದು ನನ್ನದು, ಇದನ್ನು ಮಾಡುವವನು ನಾನು’ ಎಂದು ಅನುಭವವನ್ನು ತನ್ನದಾಗಿಸಿಕೊಳ್ಳುವ ಶಕ್ತಿಯೇ ಅದು. ಈ ಶಕ್ತಿಗೆ ಸಾಂಖ್ಯರು ಕೊಟ್ಟ ಲಕ್ಷಣ ‘ಅಭಿಮಾನ’. ಮುಂದೆ ಅಮರಸಿಂಹನ ಕೋಶದ ಕಾಲಕ್ಕೆ ಗರ್ವ, ಅಭಿಮಾನ, ಅಹಂಕಾರ ಮೂರೂ ಪರ್ಯಾಯ ಪದಗಳಾಗಿ ಒಂದೇ ಸಾಲಿನಲ್ಲಿ ಕುಳಿತವು.

ಕನ್ನಡವು ಇಲ್ಲಿಯೂ ತನ್ನ ವಿವೇಕವನ್ನು ತೋರಿತು. ಅಹಂಕಾರವನ್ನು ದೋಷವಾಗಿ ಇಟ್ಟುಕೊಂಡು, ಅಭಿಮಾನವನ್ನು ಪ್ರೀತಿಯ ಕಡೆಗೆ ತಿರುಗಿಸಿತು. ನಾಡಭಿಮಾನ, ಭಾಷಾಭಿಮಾನ, ಸ್ವಾಭಿಮಾನಗಳು ನಮಗೆ ಗುಣಗಳು. ಕೆಟ್ಟದ್ದನ್ನು ಹೇಳಬೇಕಾದರೆ ‘ದುರಭಿಮಾನ’ ಎಂದು ಒಂದು ಉಪಸರ್ಗವನ್ನು ಕೂಡಿಸಬೇಕು. ಶಾಲೆಗೆ ನೆರವಾದವರನ್ನು ‘ಅಭಿಮಾನಿಗಳು’ ಎಂದು ಕರೆಯುವಾಗ ಆ ಶಬ್ದ ಒಂದು ಕಾಲಕ್ಕೆ ಅಹಂಕಾರದ ಒಡಹುಟ್ಟಾಗಿತ್ತೆಂಬುದು ಯಾರಿಗೂ ನೆನಪಾಗುವುದಿಲ್ಲ.

ಪಶ್ಚಿಮದಲ್ಲಿಯೂ ಇಂಥದೇ ಕಥೆ ನಡೆದಿದೆ. ಲ್ಯಾಟಿನ್ ಭಾಷೆಯ ‘ಈಗೋ’ ಎಂಬುದಕ್ಕೂ ‘ನಾನು’ ಎಂದೇ ಅರ್ಥ; ಅದೂ ಸಂಸ್ಕೃತದ ‘ಅಹಮ್’ ಎಂಬುದೂ ಒಂದೇ ಪ್ರಾಚೀನ ಮೂಲದ ಕುಡಿಗಳೆಂದು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ. ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1923ರ ತನ್ನ ಗ್ರಂಥದಲ್ಲಿ ಜರ್ಮನ್ ಮಾತಿನ ‘ನಾನು’ ಎಂಬ ಸಾಮಾನ್ಯ ಶಬ್ದವನ್ನೇ ಬಳಸಿದ್ದನು. ಇಂಗ್ಲಿಷಿಗೆ ಅನುವಾದಿಸಿದವರು ‘ಈಗೋ’ ಎಂದರು. ಶಾಸ್ತ್ರದಲ್ಲಿ ಮನಸ್ಸಿನ ಒಂದು ಅಂಗದ ಹೆಸರಾದ ಅದು ಜನರ ಬಾಯಲ್ಲಿ ಒಣಜಂಬದ ಹೆಸರಾಗಿದೆ. ಇಂದು ನಮ್ಮ ಹುಡುಗರೂ ‘ಅವನಿಗೆ ಈಗೋ ಜಾಸ್ತಿ’ ಎನ್ನುತ್ತಾರೆ. ಹಮ್ಮು ಎಂಬ ಹಳೆಯ ನೆಂಟನೇ ಹೊಸ ಅಂಗಿ ತೊಟ್ಟು ತಿರುಗಿ ಬಂದಿದ್ದಾನೆಂದು ಅವರಿಗೆ ತಿಳಿಸಿಕೊಡಬೇಕು.

ಹಿರಿತನವೋ ಕಿರಿತನವೋ

ಹಮ್ಮುಳ್ಳವನು ತಾನು ದೊಡ್ಡವನೆಂದು ಎಣಿಸುತ್ತಾನೆ. ಶೈವಶಾಸ್ತ್ರವು ಇದಕ್ಕೆ ವಿರುದ್ಧವಾದ ಮಾತನ್ನು ಹೇಳುತ್ತದೆ. ಜೀವನನ್ನು ಮುಸುಕಿರುವ ಮಲಗಳು ಮೂರು: ಆಣವ, ಮಾಯಾ, ಕಾರ್ಮಿಕ. ಇವುಗಳಲ್ಲಿ ಮೊದಲಿನದಾದ ಆಣವಮಲವೇ ‘ನಾನು ಬೇರೆ’ ಎಂಬ ಭಾವಕ್ಕೆ ಮೂಲ. ‘ಆಣವ’ ಎಂಬ ಶಬ್ದ ಹುಟ್ಟಿದ್ದು ‘ಅಣು’ ಎಂಬುದರಿಂದ. ವ್ಯಾಪಕನಾದ ಶಿವನಿಂದ ತನ್ನನ್ನು ತುಂಡರಿಸಿಕೊಂಡು ಅಣುವಿನಷ್ಟು ಕಿರಿದಾಗುವುದೇ ಆ ಮಲ. ದೊಡ್ಡವನಾದೆನೆಂದು ಬೀಗುವವನನ್ನು ಕುರಿತು ಶಾಸ್ತ್ರವು ಅಣುವಾದನೆಂದು ಮರುಗುತ್ತದೆ.

ನಮ್ಮ ಸೀಮೆಯ ಕವಿಯೊಬ್ಬನ ಕೃತಿಯನ್ನು ಇಲ್ಲಿ ನೆನೆಯಬಹುದು. ಪಂಚತಂತ್ರವನ್ನು ಕನ್ನಡಕ್ಕೆ ತಂದ, 11ನೆಯ ಶತಮಾನದ ದುರ್ಗಸಿಂಹನು ಕಿಸುಕಾಡು ನಾಡಿನ ಸಯ್ಯಡಿಯವನು. ಅದು ಇಂದಿನ ರೋಣ ತಾಲೂಕಿನ ಸವಡಿ. ಪಂಚತಂತ್ರದ ಪರಂಪರೆಯಲ್ಲಿ ಸಿಂಹ ಮತ್ತು ಮೊಲದ ಕಥೆ ಎಲ್ಲರಿಗೂ ಗೊತ್ತಿರುವುದು. ಕಾಡಿನಲ್ಲಿ ಇನ್ನೊಂದು ಸಿಂಹವಿದೆಯೆಂಬ ಮಾತನ್ನು ಸಹಿಸಲಾರದ ಸಿಂಹವು ಬಾವಿಯ ನೀರಿನಲ್ಲಿ ತನ್ನ ನೆರಳನ್ನೇ ಕಂಡು, ವೈರಿಯೆಂದು ಬಗೆದು, ಹಾರಿ ಸತ್ತಿತು. ಮೊಲ ಅದನ್ನು ಬಾವಿಯವರೆಗೆ ಕರೆತಂದಿತು, ಅಷ್ಟೆ. ಒಳಕ್ಕೆ ನೂಕಿದ್ದು ‘ನನಗೆ ಸಮನಾರು’ ಎಂಬ ಹಮ್ಮು.

ಅದೇ ‘ಅಹಂ’ನ ಇನ್ನೊಂದು ಸಂತಾನ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರಬಹುದು. ‘ಅಹಂ’ ಎಂಬ ಶಬ್ದದಿಂದ ಕನ್ನಡದಲ್ಲಿ ಹುಟ್ಟಿದ್ದು ಹಮ್ಮು ಒಂದೇ ಅಲ್ಲ. ಮಠದ ಆಶ್ರಯದಲ್ಲಿ ಬೆಳೆದ ಶಾಲೆಗಳಲ್ಲಿ ನಿತ್ಯವೂ ಕೇಳಿಬರುವ ‘ದಾಸೋಹ’ ಎಂಬ ಶಬ್ದದ ಒಳಗೂ ಅದೇ ‘ಅಹಂ’ ಇದೆ. ‘ದಾಸಃ’ ಮತ್ತು ‘ಅಹಂ’ ಸೇರಿ ಸಂಧಿಯಾಗಿ ‘ದಾಸೋಽಹಂ’ ಆಗುತ್ತದೆ. ‘ನಾನು ದಾಸನು, ಸೇವಕನು’ ಎಂದರ್ಥ. ಸಂಧಿಯಲ್ಲಿ ‘ಅಹಂ’ ಎಂಬುದರ ಮೊದಲಿನ ಅಕಾರ ಲೋಪವಾಗುತ್ತದೆ. ಕನ್ನಡಕ್ಕೆ ಬರುವಾಗ ಕೊನೆಯ ಬಿಂದುವೂ ಬಿದ್ದು ‘ದಾಸೋಹ’ ಉಳಿಯುತ್ತದೆ. ಹಮ್ಮಿನಲ್ಲಿಯೂ ಅಕಾರ ಹೋಯಿತು. ಆದರೆ ಅಲ್ಲಿ ಮಕಾರ ಇಮ್ಮಡಿಯಾಯಿತು. ಒಂದರಲ್ಲಿ ‘ನಾನು’ ಕರಗಿತು, ಇನ್ನೊಂದರಲ್ಲಿ ದಪ್ಪವಾಯಿತು. ವ್ಯಾಕರಣದ ದೃಷ್ಟಿಯಿಂದ ಇದು ಆಕಸ್ಮಿಕವಿರಬಹುದು. ಅರ್ಥದ ದೃಷ್ಟಿಯಿಂದ ಹಾಗೆ ತೋರುವುದಿಲ್ಲ.

‘ಸೋಽಹಂ’, ಅಂದರೆ ‘ಅವನೇ ನಾನು’ ಎಂಬ ಭಾವ ನಮ್ಮ ದೇಶದಲ್ಲಿ ಪ್ರಾಚೀನವಾದುದು. 12ನೆಯ ಶತಮಾನದ ಶರಣರು ಆ ಎತ್ತರವನ್ನು ಅರಿಯದವರಲ್ಲ. ಆದರೆ ಆ ಮಾತನ್ನು ಬರಿದೆ ನುಡಿದರೆ ‘ನಾನೇ ಅವನು’ ಎಂಬ ಹಮ್ಮು ಹುಟ್ಟುವ ಭಯವುಂಟೆಂದು ಕಂಡು, ದಾಸೋಹಭಾವವನ್ನೇ ಬಾಳಿನ ದಾರಿಯಾಗಿ ಮಾಡಿಕೊಂಡರು. ಇಲ್ಲಿ ‘ನಾನು’ ಎಂಬುದನ್ನು ಅಳಿಸಿಹಾಕಲಿಲ್ಲ. ಅಳಿಸಿದರೆ ಸೇವೆ ಮಾಡುವವರಾರು? ಅದರ ಮುಂದೆ ಒಂದು ಶಬ್ದವನ್ನು ನಿಲ್ಲಿಸಿದರು. ‘ಅಹಂ’ ಒಂಟಿಯಾಗಿ ನಿಂತರೆ ಹಮ್ಮು; ‘ದಾಸ’ ಎಂಬುದರ ಹಿಂದೆ ನಿಂತರೆ ದಾಸೋಹ.

ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹವನ್ನು ಕಂಡವರಿಗೆ ಇದರ ಅರ್ಥ ಥಟ್ಟನೆ ಹೊಳೆದೀತು. ಸುತ್ತಲಿನ ಊರೂರುಗಳಿಂದ ತಾಯಂದಿರು ಬಡಿದ ಜೋಳದ ರೊಟ್ಟಿಗಳು ಗಾಡಿಗಟ್ಟಲೆ ಬಂದು ಒಂದೇ ರಾಶಿಯಾಗುತ್ತವೆ. ಆ ರಾಶಿಯಲ್ಲಿ ಯಾವ ರೊಟ್ಟಿ ಯಾರ ಮನೆಯದೆಂದು ಗುರುತಿಸಲು ಬಾರದು. ಬಡಿದ ಕೈಗಳಿಗೆ ಶ್ರಮ ಉಂಟು, ಸಂತೋಷವೂ ಉಂಟು. ಹೆಸರು ಮಾತ್ರ ಇಲ್ಲ.

ದಾನಕ್ಕೂ ಹಮ್ಮಿಗೂ ಇರುವ ನಂಟನ್ನು ಶೂನ್ಯಸಂಪಾದನೆಯು ಸೊನ್ನಲಿಗೆಯ ಸಿದ್ಧರಾಮರ ಪ್ರಸಂಗದಲ್ಲಿ ತೋರಿಸಿದೆ. ಸಿದ್ಧರಾಮರು ಕೆರೆ ಕಟ್ಟಿಸಿದರು, ಗುಡಿ ಎತ್ತಿಸಿದರು, ಜನರಿಗೆ ಉಪಕಾರ ಮಾಡಿದರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ಮಣ್ಣುಕಲ್ಲಿನ ಕೆಲಸದವರ ಮುಖಂಡನೆಂಬಂತೆ ಕರೆದು ಕೆಣಕಿದರು. ಶಿಷ್ಯರು ಕೆರಳಿದರು. ಪ್ರಭುಗಳ ಆಕ್ಷೇಪ ಕೆರೆಯ ಮೇಲೆ ಇರಲಿಲ್ಲ. ‘ಕಟ್ಟಿಸಿದವನು ನಾನು’ ಎಂಬ ನೆನಹಿನ ಮೇಲೆ ಇತ್ತು. ಕೆರೆಯನ್ನು ಒಡೆಯುವ ಕಾರಣ ಬೀಳಲಿಲ್ಲ. ಸಿದ್ಧರಾಮರ ಹೆಸರಿನೊಂದಿಗೆ ಕೂಡಿದ ಆ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ.

ನಮ್ಮ ಸೂಡಿಯ ಶಾಸನಗಳನ್ನು ನೋಡಿರಿ. ಕಿಸುಕಾಡು ನಾಡನ್ನಾಳಿದ ಅಕ್ಕಾದೇವಿಯ ಹೆಸರು ಅಲ್ಲಿದೆ. ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತುವುದು ನಮ್ಮಲ್ಲಿ ಸಾವಿರ ವರ್ಷದ ಪದ್ಧತಿ, ಅದನ್ನು ತಪ್ಪೆನ್ನಲಾಗದು. ಆದರೆ ಶಾಸನಗಳ ಕೊನೆಯಲ್ಲಿ ಮರುಕಳಿಸುವ ಒಂದು ಭಾವವನ್ನು ಮರೆಯಬಾರದು. ತಾನು ಕೊಡುವುದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬುದೇ ಆ ಭಾವ. ಕೊಟ್ಟವನ ಹೆಸರು ಕಲ್ಲಿನ ಮೇಲೆ ಇರುತ್ತದೆ. ಕಾಪಾಡಿದವರ, ದಿನವೂ ಗಂಟೆ ಬಾರಿಸಿದವರ, ಕಸ ಗುಡಿಸಿದವರ, ಹಾಜರಿ ಬರೆದವರ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ. ಕೊಟ್ಟದ್ದು ಉಳಿಯುವುದು ಅವರಿಂದ.

ಶಾಲೆಯಲ್ಲಿ ಈ ಶಬ್ದ

ಹಿಂದಿನವರು ಮದಗಳನ್ನು ಎಂಟೆಂದು ಎಣಿಸಿದರು: ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪಸ್ಸು. ಇವುಗಳಲ್ಲಿ ವಿದ್ಯೆ ಮತ್ತು ತಪಸ್ಸುಗಳನ್ನೂ ಸೇರಿಸಿದ್ದು ಅವರ ನಿಷ್ಪಕ್ಷಪಾತಕ್ಕೆ ಸಾಕ್ಷಿ. ಜೈನರ ಎಂಟು ಮದಗಳಲ್ಲಿಯೂ ಜ್ಞಾನ ಮತ್ತು ತಪಸ್ಸುಗಳಿಗೆ ಸ್ಥಾನವುಂಟು. ಹಮ್ಮು ಸಿರಿವಂತನ ಮನೆಯಲ್ಲಿ ಮಾತ್ರ ಇರುತ್ತದೆಂದು ಶಾಲೆಯೂ ಮಠವೂ ನಿಶ್ಚಿಂತವಾಗಿ ಕೂಡುವಂತಿಲ್ಲ.

ಇಲ್ಲಿ ಇನ್ನೊಂದು ಕಹಿಯಾದ ಸತ್ಯವನ್ನು ಹೇಳಲೇಬೇಕು. ಹಮ್ಮು, ಸೊಕ್ಕು ಎಂಬ ಶಬ್ದಗಳನ್ನು ನಮ್ಮ ಸಮಾಜ ಎಲ್ಲರಿಗೂ ಸಮನಾಗಿ ಬಳಸುವುದಿಲ್ಲ. ಉಳ್ಳವನು ಎದೆ ಸೆಟೆಸಿ ನಡೆದರೆ ಅದಕ್ಕೆ ಠೀವಿ, ಗತ್ತು, ಗಾಂಭೀರ್ಯ ಎಂಬ ಹೆಸರುಗಳಿವೆ. ಕೂಲಿಯವನ ಮಗನು ತಲೆಯೆತ್ತಿ ನಡೆದರೆ ‘ಸೊಕ್ಕು ಬಂದಿದೆ’ ಎನ್ನುತ್ತಾರೆ. ಹುಡುಗನು ಎದುರು ಪ್ರಶ್ನೆ ಕೇಳಿದರೆ ಚುರುಕು, ಹುಡುಗಿ ಕೇಳಿದರೆ ಹಮ್ಮು. ಒಂದೇ ನಡತೆಗೆ ಎರಡು ಹೆಸರು ಬಂದಾಗ ದೋಷ ಇರುವುದು ನಡತೆಯಲ್ಲಿ ಅಲ್ಲ, ಹೆಸರಿಡುವವರ ಕಣ್ಣಿನಲ್ಲಿ. ‘ಹಮ್ಮು’ ಎಂಬ ಶಬ್ದವನ್ನು ಕೆಳಗಿನವರನ್ನು ಕೆಳಗೇ ಇರಿಸುವ ಕೋಲಾಗಿ ಬಳಸುವುದು ಹಮ್ಮಿನ ಅತಿ ಸೂಕ್ಷ್ಮವಾದ ರೂಪ.

ವಚನಕಾರರ ಅಂಕಿತಗಳು ಈ ವಿಚಾರದಲ್ಲಿ ನಮಗೆ ಬೆಳಕಾಗಿವೆ. ಬಸವಣ್ಣನವರು ಕೂಡಲಸಂಗಮದೇವ ಎಂದೂ, ಅಲ್ಲಮಪ್ರಭುಗಳು ಗುಹೇಶ್ವರ ಎಂದೂ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನ ಎಂದೂ ಅಂಕಿತವಿಟ್ಟರು. ತಮ್ಮ ಹೆಸರನ್ನು ಹಿಂದಿಟ್ಟು ದೇವರ ಹೆಸರನ್ನು ಮುಂದಿಟ್ಟರು. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕಿರಿಯರೆಂದು ಭಾವಿಸಿದ್ದು ಹಿರಿಯ ಸ್ಥಾನದಲ್ಲಿದ್ದವರ ವಿನಯ, ಅದಕ್ಕೆ ಬೆಲೆಯುಂಟು. ಆದರೆ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರು ತಮ್ಮ ಹೆಸರನ್ನೂ ಕಾಯಕವನ್ನೂ ಕೂಡಿಸಿ ಅದನ್ನೇ ಅಂಕಿತ ಮಾಡಿಕೊಂಡರು. ಇದನ್ನು ಹಮ್ಮೆನ್ನಬಹುದೇ? ಶರಣರು ಹಾಗೆನ್ನಲಿಲ್ಲ. ಹೆಸರಿಗೆ ಮನ್ನಣೆಯಿಲ್ಲದ ಕಾಯಕದವನು ತನ್ನ ಹೆಸರನ್ನು ಗಟ್ಟಿಯಾಗಿ ಹೇಳುವುದು ಸ್ವಾಭಿಮಾನ. ಎಲ್ಲರೂ ಬಲ್ಲ ಹೆಸರಿನವನು ಅದನ್ನು ಮರೆಸಿಕೊಳ್ಳುವುದು ವಿನಯ. ಒಂದೇ ಅನುಭವಮಂಟಪದ ಪರಂಪರೆ ಎರಡಕ್ಕೂ ಎಡೆ ಕೊಟ್ಟಿತು.

ಇದನ್ನು ಶಾಲೆಗೆ ಅನ್ವಯಿಸಿ ನೋಡಬೇಕು. ನಮ್ಮ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳು ಮೊದಲ ದಿನ ತಮ್ಮ ಹೆಸರನ್ನು ಕೇಳಿದರೆ ನೆಲ ನೋಡಿ, ತುಟಿಯೊಳಗೇ ಹೇಳುತ್ತಾರೆ. ಅಂಥ ಮಗುವಿಗೆ ವಿನಯದ ಪಾಠ ಮೊದಲು ಬೇಕಾಗಿಲ್ಲ. ಎದ್ದು ನಿಂತು ‘ನಾನು’ ಎಂದು ಹೇಳುವ ಧೈರ್ಯ ಮೊದಲು ಬೇಕು. ‘ಅಹಂ’ ಎನ್ನಲು ಬಾರದವನು ‘ದಾಸೋಹಂ’ ಎನ್ನಲಾರನು. ಹೆದರಿ ಬಗ್ಗಿದ ತಲೆಯನ್ನು ಬಾಗಿದ ತೆನೆಯ ಜೊತೆ ಹೋಲಿಸಲಾಗದು. ತೆನೆ ಬಾಗುವುದು ಕಾಳಿನ ಭಾರದಿಂದ. ಮೊದಲು ಕಾಳು ತುಂಬಿಸುವುದು ಶಿಕ್ಷಕರ ಕೆಲಸ. ಮಗುವು ಪ್ರಶ್ನೆ ಕೇಳಿದಾಗ, ತಪ್ಪನ್ನು ತೋರಿಸಿದಾಗ, ‘ನನಗೆ ತಿಳಿಯಲಿಲ್ಲ’ ಎಂದು ಹಟ ಹಿಡಿದಾಗ ಅದನ್ನು ಹಮ್ಮೆಂದು ಗದರಿಸುವ ಮುನ್ನ ಒಂದು ಕ್ಷಣ ತಡೆಯಬೇಕು. ಆ ‘ನಾನು’ ಬೇರೆಯವರನ್ನು ತುಳಿಯುತ್ತಿದೆಯೇ, ಇಲ್ಲವೆ ತಾನು ನಿಲ್ಲಲು ನೆಲ ಹುಡುಕುತ್ತಿದೆಯೇ? ಮೊದಲನೆಯದಾದರೆ ತಿದ್ದಬೇಕು, ಎರಡನೆಯದಾದರೆ ಕೈಹಿಡಿಯಬೇಕು.

ಅದೇ ಮಗು ಕಲಿತು, ಅಧಿಕಾರಿಯಾಗಿ, ವೈದ್ಯನಾಗಿ, ವ್ಯಾಪಾರಿಯಾಗಿ ಮರಳಿ ಬಂದಾಗ ಎರಡನೆಯ ಪಾಠದ ಕಾಲ ಬರುತ್ತದೆ. ಆಗ ಅವನ ‘ಅಹಂ’ ಎಂಬುದರ ಮುಂದೆ ‘ದಾಸ’ ಎಂಬ ಶಬ್ದವನ್ನು ಇರಿಸಬೇಕು. ತುಂಬಿದ ಕೊಡ ತುಳುಕದೆಂಬ ಗಾದೆ ಅವನಿಗೆ ಸಲ್ಲುತ್ತದೆ, ಬರಿದಾದ ಕೊಡ ಹೊತ್ತು ಬಾವಿಯ ಕಡೆಗೆ ಹೊರಟ ಬಾಲಕನಿಗಲ್ಲ. ವಿನಯವನ್ನು ಸ್ಥಾನದಲ್ಲಿರುವವರಿಂದ ಮೊದಲು ಕೇಳುವುದು, ಧೈರ್ಯವನ್ನು ಇಲ್ಲದವರಿಗೆ ಮೊದಲು ಕೊಡುವುದು, ಇದೇ ಈ ಶಬ್ದಗಳ ಚರಿತ್ರೆಯಿಂದ ನಾವು ಕಲಿಯಬಹುದಾದ ಶಿಕ್ಷಣಕ್ರಮ.

ಒಟ್ಟಿನಲ್ಲಿ, ‘ನಾನು’ ಎಂಬುದು ಪ್ರತಿಯೊಬ್ಬನಿಗೂ ಹುಟ್ಟಿನಿಂದ ಬಂದ ಸೊತ್ತು. ಅದನ್ನು ಹಮ್ಮಾಗಿ ಬೆಳೆಸುವುದೂ ದಾಸೋಹವಾಗಿ ಮಾಗಿಸುವುದೂ ಶಿಕ್ಷಣದ ಕೈಯಲ್ಲಿದೆ. ನಮ್ಮ ಶಾಲೆಗಳಿಂದ ಹೊರಬೀಳುವ ಮಕ್ಕಳು ಯಾರ ಮುಂದೆಯೂ ಅಳುಕದೆ ‘ನಾನು’ ಎನ್ನಲಿ. ಯಾರ ಸೇವೆಗೂ ಹಿಂಜರಿಯದೆ ‘ನಾನು ಬಂದೆ’ ಎನ್ನಲಿ. ಈ ಎರಡು ಮಾತುಗಳನ್ನೂ ಆಡಬಲ್ಲವನಲ್ಲಿ ಹಮ್ಮು ನೆಲೆಸಲಾರದು.